ಆಟದ ಸಾಮಾನು ಮೊದಲೋ, ಆಟಕ್ಕೆ ಹೋಗುವ ದಾರಿ ಮೊದಲೋ?

ಪ್ರಶ್ನೆ: ನಮ್ಮದು ಸುಮಾರು ಮುನ್ನೂರು ಮನೆಗಳ ಬಡಾವಣೆ. ನನಗೆ ಇಬ್ಬರು ಮಕ್ಕಳು, ಹನ್ನೊಂದು ವರ್ಷದ ಮಗಳು ಮತ್ತು ಎಂಟು ವರ್ಷದ ಮಗ. ಮಗನನ್ನು ವಾರಕ್ಕೆ ಎರಡು ದಿನ ಈಜು ತರಬೇತಿಗೆ ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ. ಮಗಳು ಹೋದ ವರ್ಷದವರೆಗೂ ಮನೆಯ ಮುಂದೆ ಸೈಕಲ್ ತುಳಿಯುತ್ತಿದ್ದಳು, ಈಗ ಹೊರಗೆ ಕಾಲಿಡುವುದೇ ಇಲ್ಲ. ಪಾರ್ಕ್ ಇದೆ. ನಕ್ಷೆಯಲ್ಲಿ ನೋಡಿದರೆ ನಾಲ್ಕುನೂರು ಮೀಟರ್ ಕೂಡ ದೂರವಿಲ್ಲ. ಆದರೆ ಅದರ ಗೇಟು ಇರುವುದು ಆಚೆ ಬದಿಗೆ, ನಡುವೆ ವಾಹನಗಳು ಭರ್ರೆಂದು ಓಡುವ ರಸ್ತೆ. ಒಳಗೆ ‘ಚೆಂಡಾಟ ನಿಷೇಧಿಸಲಾಗಿದೆ’ ಎಂಬ ಫಲಕ. ಮುಖ್ಯರಸ್ತೆಯ ಸಿಗ್ನಲ್ ತಪ್ಪಿಸಿಕೊಳ್ಳಲು ನಮ್ಮ ಬೀದಿಯನ್ನು ಅಡ್ಡದಾರಿ ಮಾಡಿಕೊಂಡವರೂ ಬಹಳ. ಈ ಸಲ ಸ್ಥಳೀಯ ಆಡಳಿತ ಮಕ್ಕಳ ಚಟುವಟಿಕೆಗೆಂದು ಸ್ವಲ್ಪ ಹಣ ಎತ್ತಿಟ್ಟಿದೆ. ನಿವಾಸಿಗಳ ಸಂಘದವರು ಪಾರ್ಕಿನ ಮೂಲೆಯಲ್ಲಿ ಬಲೆ ಬೇಲಿ ಹಾಕಿದ ಕೃತಕ ಹುಲ್ಲಿನ ಅಂಕಣವನ್ನೂ ಒಂದಷ್ಟು ಆಟದ ಉಪಕರಣಗಳನ್ನೂ ಮಾಡಿಸಬೇಕೆಂದಿದ್ದಾರೆ. ‘ವಾರಕ್ಕೊಮ್ಮೆ ಬೀದಿಯನ್ನು ಎರಡು ಗಂಟೆ ಮಕ್ಕಳಿಗೆ ಬಿಟ್ಟುಕೊಡಬಹುದಲ್ಲ’ ಎಂದು ಕೇಳಿದ್ದಕ್ಕೆ ನಕ್ಕರು. ‘ಈಗಿನ ಮಕ್ಕಳು ಮೊಬೈಲ್ ಬಿಟ್ಟು ಏಳುವುದಿಲ್ಲ, ಬೀದಿ ಕೊಟ್ಟರೇನು, ಮೈದಾನ ಕೊಟ್ಟರೇನು’ ಎಂದರು ಒಬ್ಬರು. ‘ಏನಾದರೂ ಅನಾಹುತವಾದರೆ ಹೊಣೆ ಯಾರು’ ಎಂದರು ಇನ್ನೊಬ್ಬರು. ಹಿರಿಯರಿಗೆ ಗದ್ದಲದ ಚಿಂತೆ. ಮುಂದಿನ ಸಭೆಯಲ್ಲಿ ನಾನು ಮಾತನಾಡಬೇಕಿದೆ. ಯಾವುದಕ್ಕೆ ಒತ್ತಾಯಿಸಲಿ? ಅವರು ಹೇಳುವುದರಲ್ಲಿ ಎಷ್ಟು ನಿಜ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಪಾರ್ಕಿನ ಗೇಟಿನ ಮೇಲೆ. ಜಾಗ ಹತ್ತಿರವಿದೆ, ಬಾಗಿಲು ದೂರವಿದೆ, ನಡುವೆ ಮಗು ಒಂಟಿಯಾಗಿ ದಾಟಲಾಗದ ರಸ್ತೆಯಿದೆ. ನಗರ ಯೋಜನೆಯ ಕೆಲಸದಲ್ಲಿ ನಾನು ಮತ್ತೆ ಮತ್ತೆ ಕಂಡಿರುವ ಸಂಗತಿ ಇದು. ಆಟದ ಜಾಗವೇ ಇಲ್ಲದ ಬಡಾವಣೆಗಳಿಗಿಂತ, ಇರುವ ಜಾಗಕ್ಕೆ ಮಕ್ಕಳು ತಾವಾಗಿ ಹೋಗಲಾಗದ ಬಡಾವಣೆಗಳೇ ನನಗೆ ಹೆಚ್ಚು ಎದುರಾಗಿವೆ. ಅಲ್ಲೆಲ್ಲ ಹಣ ಬಂದಾಗ ಆಗುವುದೂ ಒಂದೇ: ಬಣ್ಣ ಬಣ್ಣದ ಉಪಕರಣ ಬರುತ್ತದೆ, ಉದ್ಘಾಟನೆಯಾಗುತ್ತದೆ, ಕೆಲವು ವಾರಗಳ ಮೇಲೆ ಅದನ್ನು ಬಳಸುವವರು ಗೇಟಿನ ಪಕ್ಕದ ನಾಲ್ಕು ಮನೆಯವರು ಮಾತ್ರ. ಬಾವಿ ತೋಡಿಸಿ ಹಗ್ಗ ಮರೆತ ಹಾಗೆ.

ಆದ್ದರಿಂದ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹಣ ಮೊದಲು ದಾರಿಗೆ ಹೋಗಲಿ, ಆಮೇಲೆ ಪಾರ್ಕಿನ ಬಾಗಿಲಿಗೆ, ಉಳಿದರೆ ಉಪಕರಣಕ್ಕೆ. ಸಂಘದವರ ಉದ್ದೇಶ ಕೆಟ್ಟದ್ದೇನಲ್ಲ, ಅವರು ಹಿಡಿದಿರುವ ಕ್ರಮ ತಲೆಕೆಳಗಾಗಿದೆ. ನೀವು ಕೇಳಿದ ಎರಡು ಗಂಟೆಯ ಬೀದಿ ಆಟ ನಗುವಂಥ ಬೇಡಿಕೆಯೂ ಅಲ್ಲ. ಆದರೆ ಅದೊಂದರಿಂದಲೇ ನಿಮ್ಮ ಕಷ್ಟ ತೀರುವುದಿಲ್ಲ.

ಮೊಬೈಲಿನ ಮಾತನ್ನು ಮೊದಲು ನೋಡೋಣ, ಸಭೆಯಲ್ಲಿ ಅದು ಬಂದೇ ಬರುತ್ತದೆ. ಮಕ್ಕಳ ಓಡಾಟ ಸಾಲದು ಎಂಬುದು ನಿಜ. 5ರಿಂದ 17 ವರ್ಷದವರಿಗೆ ವಾರದ ಸರಾಸರಿಯಲ್ಲಿ ದಿನಕ್ಕೆ 60 ನಿಮಿಷವಾದರೂ ಉಸಿರು ಏರುವಂಥ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 146 ದೇಶಗಳ ಸಮೀಕ್ಷೆಗಳನ್ನು ಒಟ್ಟುಗೂಡಿಸಿ 2016ರ ಸ್ಥಿತಿಯನ್ನು ಲೆಕ್ಕ ಹಾಕಿದಾಗ, ಶಾಲೆಗೆ ಹೋಗುವ 11ರಿಂದ 17 ವರ್ಷದವರಲ್ಲಿ ಶೇ. 81 ಮಂದಿ ಅಷ್ಟನ್ನೂ ಮಾಡುತ್ತಿರಲಿಲ್ಲ. ಹುಡುಗರಲ್ಲಿ ಇದು ಶೇ. 78, ಹುಡುಗಿಯರಲ್ಲಿ ಶೇ. 85. ಬಡ ದೇಶ, ಶ್ರೀಮಂತ ದೇಶ ಎಂಬ ಭೇದ ಹೆಚ್ಚೇನೂ ಇರಲಿಲ್ಲ.

ಆದರೆ ಇದಕ್ಕೆಲ್ಲ ಮೊಬೈಲೇ ಕಾರಣ ಎಂದರೆ ಇತಿಹಾಸ ಒಪ್ಪುವುದಿಲ್ಲ. ಇಂಗ್ಲೆಂಡಿನಲ್ಲಿ 1971ರಲ್ಲಿ ಏಳೆಂಟು ವರ್ಷದ ಮಕ್ಕಳಲ್ಲಿ ಶೇ. 80ರಷ್ಟು ಮಂದಿ ದೊಡ್ಡವರ ಜೊತೆಯಿಲ್ಲದೆ ಶಾಲೆಗೆ ಹೋಗುತ್ತಿದ್ದರು. ಮೇಯರ್ ಹಿಲ್‌ಮನ್ ಎಂಬ ಸಂಶೋಧಕರು ಮತ್ತು ಅವರ ಸಂಗಡಿಗರು 1990ರಲ್ಲಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಾಗ ಆ ಪ್ರಮಾಣ ಶೇ. 9ಕ್ಕೆ ಇಳಿದಿತ್ತು. ಆಗ ಯಾವ ಮಗುವಿನ ಕೈಯಲ್ಲೂ ಸ್ಮಾರ್ಟ್‌ಫೋನ್ ಇರಲಿಲ್ಲ. ಮಕ್ಕಳನ್ನು ಒಂಟಿಯಾಗಿ ಏಕೆ ಬಿಡುವುದಿಲ್ಲ ಎಂದು ಕೇಳಿದರೆ ತಂದೆತಾಯಿಯರು ಎಲ್ಲಕ್ಕಿಂತ ಹೆಚ್ಚಾಗಿ ಹೇಳಿದ ಕಾರಣ ವಾಹನಗಳ ಭಯ. ಮಕ್ಕಳು ಬೀದಿಯಿಂದ ಮೊದಲೇ ಹೊರಬಿದ್ದಿದ್ದರು, ಖಾಲಿಯಾದ ಆ ಹೊತ್ತಿಗೆ ಮೊಬೈಲ್ ಆಮೇಲೆ ಬಂದು ಕುಳಿತಿತು. ಈಗ ಅದು ಮಕ್ಕಳನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮನೆಯಲ್ಲಿ ಅದನ್ನು ಕಿತ್ತಿಟ್ಟ ಮೇಲೆ ಮಗು ಹೋಗುವುದೆಲ್ಲಿಗೆ ಎಂಬ ಪ್ರಶ್ನೆಗೆ ಬಡಾವಣೆ ಉತ್ತರ ಕೊಡಬೇಕಲ್ಲವೇ?

ಆ ಇಂಗ್ಲೆಂಡಿನ ಕತೆಯಲ್ಲಿ ಇನ್ನೊಂದು ಪಾಠವಿದೆ, ನಿಮ್ಮ ಸಭೆಗೆ ಅದು ಹೆಚ್ಚು ಉಪಯೋಗ. ಅದೇ ಎರಡು ದಶಕಗಳಲ್ಲಿ ಅಲ್ಲಿ ರಸ್ತೆ ಅಪಘಾತಗಳಲ್ಲಿ ಸಾಯುವ ಮಕ್ಕಳ ಸಂಖ್ಯೆ ಇಳಿಯಿತು. ರಸ್ತೆಗಳು ಸುರಕ್ಷಿತವಾದವು ಎಂದು ಸರ್ಕಾರ ಹೇಳಿಕೊಂಡಿತು. ಸಂಶೋಧಕರು ಹೇಳಿದ್ದು ಬೇರೆ: ವಾಹನಗಳು ಹೆಚ್ಚಿದವು, ಮಕ್ಕಳನ್ನು ಮನೆಯೊಳಗೆ ಎಳೆದುಕೊಂಡೆವು, ಲೆಕ್ಕ ಇಳಿಯಿತು. ‘ನಮ್ಮ ಬೀದಿಯಲ್ಲಿ ಇದುವರೆಗೆ ಒಂದು ಅಪಘಾತವೂ ಆಗಿಲ್ಲ, ಸುಮ್ಮನೆ ಏಕೆ ಖರ್ಚು’ ಎಂದು ಯಾರಾದರೂ ಎದ್ದು ನಿಂತರೆ, ಆ ಬೀದಿಯಲ್ಲಿ ಮಕ್ಕಳು ಎಷ್ಟು ಜನ ಓಡಾಡುತ್ತಾರೆ ಎಂದು ಮರುಪ್ರಶ್ನೆ ಹಾಕಿ.

ತರಬೇತಿಯ ಬಗ್ಗೆ ಒಂದು ಮಾತು. ಮಗನ ಈಜನ್ನು ನಿಲ್ಲಿಸಬೇಡಿ, ಜೀವ ಉಳಿಸುವ ವಿದ್ಯೆ ಅದು. ಆದರೆ ದಿನಕ್ಕೆ ಒಂದು ಗಂಟೆ ಎಂಬ ಲೆಕ್ಕವನ್ನು ತರಬೇತಿಯೇ ತುಂಬಿಕೊಡುತ್ತದೆ ಎಂದು ನಂಬಬೇಡಿ. ತರಬೇತಿಯ ಒಂದು ಗಂಟೆಯಲ್ಲಿ ಸರದಿ ಕಾಯುವುದು, ಹೇಳಿಕೊಟ್ಟದ್ದನ್ನು ನಿಂತು ಕೇಳುವುದು ಎಲ್ಲ ಸೇರಿರುತ್ತದೆ. ಅದೂ ವಾರಕ್ಕೆ ಎರಡೇ ದಿನ. ಸಣ್ಣ ಮಕ್ಕಳ ಸಹಜ ಚಲನೆಯ ರೀತಿಯೇ ಬೇರೆ. ಕೆಲವು ಸೆಕೆಂಡು ಜೋರಾಗಿ ಓಡುತ್ತಾರೆ, ನಿಲ್ಲುತ್ತಾರೆ, ಏನನ್ನೋ ನೋಡುತ್ತಾರೆ, ಮತ್ತೆ ಓಡುತ್ತಾರೆ. ಈ ಚೂರುಪಾರು ಓಟಗಳು ದಿನವಿಡೀ ಕೂಡಿಕೊಂಡು ದೊಡ್ಡ ಮೊತ್ತವಾಗುತ್ತವೆ. ಹಾಗಾಗಬೇಕಾದರೆ ಮಗು ಹೊರಗಿರಬೇಕು, ಯಾವ ವೇಳಾಪಟ್ಟಿಯೂ ಇಲ್ಲದೆ ಇರಬೇಕು. ಮಕ್ಕಳ ಚಟುವಟಿಕೆಯನ್ನು ಅಳೆದ ಹಲವರು ಕಂಡುಕೊಂಡದ್ದು ಇದನ್ನೇ: ಹೊರಗೆ ಕಳೆಯುವ ಹೊತ್ತು ಹೆಚ್ಚಿದಷ್ಟೂ ಚಲನೆ ಹೆಚ್ಚು. ಕಣ್ಣಿಗೂ ಇದರಿಂದ ಒಳ್ಳೆಯದು. ಚೀನಾದ ಗುವಾಂಗ್‌ಝೌನಲ್ಲಿ ಶಾಲಾ ಮಕ್ಕಳಿಗೆ ದಿನಕ್ಕೆ 40 ನಿಮಿಷ ಹೆಚ್ಚುವರಿಯಾಗಿ ಹೊರಗಿನ ಚಟುವಟಿಕೆ ಕೊಟ್ಟು ಮೂರು ವರ್ಷ ನೋಡಿದಾಗ, ಸಮೀಪದೃಷ್ಟಿ ಬಂದವರ ಪ್ರಮಾಣ ಶೇ. 39.5ರ ಬದಲು ಶೇ. 30.4 ಆಗಿತ್ತು.

ಈಗ ಮೂಲ ಕಾರಣಕ್ಕೆ ಬರೋಣ. ಮಗು ಒಂಟಿಯಾಗಿ ಹೊರಗೆ ಹೋಗಬಹುದೇ ಎಂಬುದನ್ನು ತಂದೆತಾಯಿ ಪ್ರತಿದಿನ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾರೆ. ಆ ಲೆಕ್ಕದಲ್ಲಿ ಭಾರವಾಗಿ ಕೂರುವುದು ವಾಹನಗಳ ವೇಗ. ಗಂಟೆಗೆ 50 ಕಿಲೋಮೀಟರ್ ವೇಗದ ಕಾರಿನ ಚಾಲಕ ಮಗುವನ್ನು ಕಂಡು, ಒಂದು ಸೆಕೆಂಡಿನಲ್ಲಿ ಎಚ್ಚೆತ್ತು, ಒಣ ರಸ್ತೆಯಲ್ಲಿ ಒಳ್ಳೆಯ ಬ್ರೇಕನ್ನು ಬಲವಾಗಿ ತುಳಿದರೂ ಕಾರು ನಿಲ್ಲಲು ಸುಮಾರು 28 ಮೀಟರ್ ಬೇಕು. 30ರ ವೇಗದಲ್ಲಾದರೆ ಸುಮಾರು 13 ಮೀಟರ್ ಸಾಕು. ಅಂದರೆ ನಿಧಾನವಾಗಿ ಬಂದ ಕಾರು ಪೂರ್ತಿ ನಿಂತುಬಿಡುವ ಜಾಗದಲ್ಲಿ, ವೇಗವಾಗಿ ಬಂದ ಕಾರಿನ ಚಾಲಕ ಇನ್ನೂ ಬ್ರೇಕಿನ ಮೇಲೆ ಕಾಲಿಡುತ್ತಿರುತ್ತಾನೆ. ವಾಹನಗಳ ಸರಾಸರಿ ವೇಗ ಶೇ. 1ರಷ್ಟು ಏರಿದರೆ ಸಾವಿನ ಅಪಘಾತದ ಸಂಭವ ಶೇ. 4ರಷ್ಟು ಏರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದರ ಜೊತೆಗೆ, ಎಂಟು ವರ್ಷದ ಮಗುವಿಗೆ ಎದುರಿನಿಂದ ಬರುವ ವಾಹನದ ವೇಗವನ್ನು ದೊಡ್ಡವರಂತೆ ಅಂದಾಜು ಮಾಡುವ ಶಕ್ತಿ ಇನ್ನೂ ಬಲಿತಿರುವುದಿಲ್ಲ. ನಿಲ್ಲಿಸಿದ ಕಾರುಗಳ ಸಾಲಿನ ಹಿಂದಿದ್ದರೆ ಅದಕ್ಕೆ ರಸ್ತೆಯೂ ಕಾಣದು, ಚಾಲಕನಿಗೆ ಅದರ ತಲೆಯೂ ಕಾಣದು. ‘ಮಕ್ಕಳಿಗೆ ರಸ್ತೆ ಸುರಕ್ಷತೆಯ ಪಾಠ ಹೇಳಿಕೊಟ್ಟರೆ ಸಾಕು’ ಎನ್ನುವವರಿಗೆ ಇದನ್ನು ಹೇಳಿ. ಪಾಠ ಬೇಕು, ಆದರೆ ಮಗುವಿನ ಎತ್ತರವನ್ನು ಪಾಠ ಹೆಚ್ಚಿಸುವುದಿಲ್ಲ.

ಅಪರಿಚಿತರ ಭಯವನ್ನು ನೀವು ಪತ್ರದಲ್ಲಿ ಬರೆದಿಲ್ಲ, ಆದರೆ ಸಭೆಯಲ್ಲಿ ಬೇರೆ ತಾಯಂದಿರು ಎತ್ತಬಹುದು. ಅದನ್ನು ತಳ್ಳಿಹಾಕಬೇಡಿ. ಆ ಭಯಕ್ಕೂ ರಸ್ತೆಗೂ ಸಂಬಂಧವಿದೆ. 1960ರ ದಶಕದ ಕೊನೆಯಲ್ಲಿ ಡೊನಾಲ್ಡ್ ಆಪಲ್‌ಯಾರ್ಡ್ ಎಂಬ ನಗರ ವಿನ್ಯಾಸಕ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನೋಡಲು ಒಂದೇ ತೆರನಾದ ಮೂರು ಬೀದಿಗಳನ್ನು ಹೋಲಿಸಿದರು. ದಿನಕ್ಕೆ ಸುಮಾರು 2,000 ವಾಹನ ಓಡುವ ಬೀದಿಯವರಿಗೆ ತಮ್ಮ ಬೀದಿಯಲ್ಲಿದ್ದ ಗೆಳೆಯರು, 16,000 ವಾಹನ ಓಡುವ ಬೀದಿಯವರಿಗೆ ಇದ್ದವರ ಮೂರು ಪಟ್ಟು. ವಾಹನ ಹೆಚ್ಚಿದ ಬೀದಿಯ ಜನ ಒಳಕೋಣೆ ಸೇರಿಕೊಂಡಿದ್ದರು. ಜಗಲಿಯ ಮೇಲೆ, ಗೇಟಿನ ಬಳಿ ನಿಂತು ಮಾತನಾಡುವವರಿದ್ದ ಬೀದಿಯಲ್ಲಿ ಅಪರಿಚಿತ ಯಾರು ಎಂಬುದು ತಾನಾಗಿ ತಿಳಿಯುತ್ತದೆ. ಕ್ಯಾಮೆರಾ ಹಾಕಿಸಿ ಎಂಬ ಸಲಹೆ ಬಂದರೆ ಹಾಕಿಸಲಿ ಬಿಡಿ. ಅದು ಆದ ಘಟನೆಯನ್ನು ದಾಖಲಿಸುತ್ತದೆ, ಪಕ್ಕದ ಮನೆಯವರಾದರೆ ಮಗುವನ್ನು ಹೆಸರು ಹಿಡಿದು ಕೂಗುತ್ತಾರೆ.

ಹಾಗಾದರೆ ಏನು ಮಾಡಬಹುದು? ಮೊದಲನೆಯದು, ಅಡ್ಡದಾರಿಯ ವಾಹನಗಳನ್ನು ತಡೆಯುವುದು. ಎಲ್ಲರಿಗೂ ತಟ್ಟನೆ ಹೊಳೆಯುವುದು ರಸ್ತೆ ಉಬ್ಬು. ಸರಿಯಾದ ಅಳತೆಯಲ್ಲಿ, ಹತ್ತಿರ ಹತ್ತಿರ ಇದ್ದರೆ ಅದು ಕೆಲಸ ಮಾಡುತ್ತದೆ. ಎಲ್ಲೋ ಒಂದು ಹಾಕಿದರೆ ಚಾಲಕರು ಅಲ್ಲಿ ಬ್ರೇಕ್ ಹಾಕಿ, ದಾಟಿದ ಮೇಲೆ ಸೇಡು ತೀರಿಸಿಕೊಳ್ಳುವವರಂತೆ ವೇಗ ಹೆಚ್ಚಿಸುತ್ತಾರೆ. ಕಡಿದಾದ ಉಬ್ಬು ಸೈಕಲ್ ಸವಾರರಿಗೂ ಆಂಬುಲೆನ್ಸಿನಲ್ಲಿ ಮಲಗಿದವರಿಗೂ ಶಿಕ್ಷೆ. ಪಕ್ಕದ ಮನೆಯವರಿಗೆ ರಾತ್ರಿಯೆಲ್ಲ ಲಾರಿಗಳ ದಡಬಡ.

ನನ್ನ ಮತ ಬೇರೆ ಉಪಾಯದ ಕಡೆಗೆ. ಬೀದಿಯ ಒಂದು ತುದಿಯಲ್ಲೋ ನಡುವೆಯೋ ಗೂಟಗಳನ್ನು ನೆಟ್ಟು, ನಡೆಯುವವರೂ ಸೈಕಲ್ಲಿನವರೂ ದಾಟಬಹುದಾದ, ಕಾರು ನುಸುಳಲಾಗದ ಹಾಗೆ ಮಾಡುವುದು. ಆ ಬೀದಿಯ ಪ್ರತಿ ಮನೆಗೂ ಕಾರಿನಲ್ಲಿ ಬರಬಹುದು, ಆದರೆ ಬೀದಿಯನ್ನು ಹಾದು ಬೇರೆಲ್ಲಿಗೂ ಹೋಗಲಾಗದು. ಅಡ್ಡದಾರಿಯವರು ಒಂದೇ ವಾರದಲ್ಲಿ ಪಾಠ ಕಲಿಯುತ್ತಾರೆ. ನೆದರ್‌ಲೆಂಡ್ಸಿನ ಹೌಟನ್ ಎಂಬ ಪಟ್ಟಣವನ್ನು ಇಡಿಯಾಗಿ ಈ ತತ್ತ್ವದ ಮೇಲೆ ಕಟ್ಟಿದ್ದಾರೆ. ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ಕಾರಿನಲ್ಲಿ ಹೋಗಬೇಕಾದರೆ ಹೊರಗಿನ ವರ್ತುಲ ರಸ್ತೆಯನ್ನು ಬಳಸಬೇಕು, ಸೈಕಲ್ಲಿಗಾದರೆ ನೇರ ದಾರಿ.

ಇದಕ್ಕೆ ಅಪಾಯಗಳೂ ಇವೆ, ಸಭೆಯಲ್ಲಿ ನೀವೇ ಮೊದಲು ಹೇಳಿಬಿಡಿ. ನಿಮ್ಮ ಬೀದಿಯಿಂದ ಹೊರಬಿದ್ದ ವಾಹನಗಳಲ್ಲಿ ಕೆಲವು ಪಕ್ಕದ ಬೀದಿಗೆ ನುಗ್ಗಬಹುದು. ಒಂದೇ ಬೀದಿಗೆ ಕೇಳಿದರೆ ಪಕ್ಕದ ಬೀದಿಯವರು ವೈರಿಗಳಾಗುತ್ತಾರೆ, ಅದು ನ್ಯಾಯವೂ ಹೌದು. ಆದ್ದರಿಂದ ಇಡೀ ಬಡಾವಣೆಯ ನಕ್ಷೆ ಇಟ್ಟುಕೊಂಡು ಕೇಳಬೇಕು. ಅಗ್ನಿಶಾಮಕ ವಾಹನ, ಆಂಬುಲೆನ್ಸ್, ಕಸದ ಲಾರಿ ಹೇಗೆ ಬರುತ್ತವೆ ಎಂಬುದಕ್ಕೆ ಉತ್ತರ ಕೈಯಲ್ಲಿರಬೇಕು. ಬೀಗ ತೆಗೆದು ಕೀಳಬಹುದಾದ ಗೂಟ ಒಂದು ಪರಿಹಾರ. ಬೀಗದ ಕೈ ಯಾರ ಬಳಿ ಇರುತ್ತದೆ ಎಂಬುದನ್ನು ಅಗ್ನಿಶಾಮಕದವರ ಜೊತೆ ಕೂತೇ ತೀರ್ಮಾನಿಸಬೇಕು.

ವೇಗಮಿತಿ ಕಡಿಮೆ ಮಾಡುವುದು ಇದರ ಜೊತೆಗೆ ಸಾಗಬೇಕಾದ ಕೆಲಸ. ಜನರೂ ವಾಹನಗಳೂ ಬೆರೆಯುವ ಕಡೆ ಗಂಟೆಗೆ 30 ಕಿಲೋಮೀಟರ್ ಮಿತಿ ಇರಬೇಕೆಂದು ರಸ್ತೆ ಸುರಕ್ಷತೆಯ ಬಗೆಗಿನ 2020ರ ಸ್ಟಾಕ್‌ಹೋಮ್ ಘೋಷಣೆ ಹೇಳಿತು. ಸ್ಪೇನ್ 2021ರಲ್ಲಿ, ಒಂದೊಂದು ದಿಕ್ಕಿಗೆ ಒಂದೇ ಪಥವಿರುವ ನಗರ ರಸ್ತೆಗಳಿಗೆಲ್ಲ ಆ ಮಿತಿಯನ್ನು ತಂದಿತು. ಆದರೆ ಅಗಲವಾದ, ನೇರವಾದ ರಸ್ತೆಯಲ್ಲಿ 30 ಎಂದು ಫಲಕ ನೆಟ್ಟರೆ ಯಾರೂ ತಿರುಗಿ ನೋಡುವುದಿಲ್ಲ. ಪಾರ್ಕಿನ ಮುಂದಿನ ರಸ್ತೆಗೆ ನೀವು ಕೇಳಬೇಕಾದದ್ದು, ದಾಟುವ ಜಾಗದಲ್ಲಿ ಫುಟ್‌ಪಾತನ್ನು ಮುಂದಕ್ಕೆ ಚಾಚಿ ರಸ್ತೆಯನ್ನು ಕಿರಿದು ಮಾಡುವುದು, ದಾಟುವ ಪಟ್ಟಿಯನ್ನು ಫುಟ್‌ಪಾತಿನ ಮಟ್ಟಕ್ಕೆ ಎತ್ತರಿಸುವುದು, ಅದರ ಆಚೀಚೆ ವಾಹನ ನಿಲ್ಲಿಸದಂತೆ ತಡೆಯುವುದು. ಈ ಮೂರೂ ಸೇರಿದಾಗ ಚಾಲಕ ತಾನಾಗಿಯೇ ನಿಧಾನಿಸುತ್ತಾನೆ.

ಎರಡನೆಯದು ನೀವು ಕೇಳಿದ ಬೀದಿ ಆಟ. ಇದು ಹೊಸದೇನಲ್ಲ. ನ್ಯೂಯಾರ್ಕಿನಲ್ಲಿ 1914ರಲ್ಲೇ ಮಕ್ಕಳ ಆಟಕ್ಕಾಗಿ ಬೀದಿಗಳನ್ನು ವಾಹನಗಳಿಗೆ ಮುಚ್ಚಿದ್ದರು. ಬ್ರಿಟನ್ನಿನ ಬ್ರಿಸ್ಟಲ್‌ನಲ್ಲಿ 2009ರಲ್ಲಿ ಒಂದು ಬೀದಿಯ ನೆರೆಹೊರೆಯವರು ಆರಂಭಿಸಿದ್ದು ಆಮೇಲೆ ಬೇರೆ ಊರುಗಳಿಗೂ ಹಬ್ಬಿತು. ನೆದರ್‌ಲೆಂಡ್ಸಿನ ಡೆಲ್ಫ್ಟ್ ನಗರದವರಂತೂ 1960ರ ದಶಕದ ಕೊನೆಯಲ್ಲಿ ಬೀದಿಗಳ ರೂಪವನ್ನೇ ಬದಲಿಸಿದರು. ರಸ್ತೆ, ಫುಟ್‌ಪಾತ್ ಎಂಬ ಭೇದ ತೆಗೆದು, ಮರ, ಕಟ್ಟೆ, ತಿರುವುಗಳನ್ನಿಟ್ಟು, ವಾಹನ ಅತಿಥಿಯಂತೆ ಮೆಲ್ಲಗೆ ಬರಬೇಕಾದ ಬೀದಿಗಳನ್ನು ಮಾಡಿದರು. ನೆದರ್‌ಲೆಂಡ್ಸಿನಲ್ಲಿ 1971ರಲ್ಲಿ ರಸ್ತೆ ಅಪಘಾತಗಳಿಗೆ ಬಲಿಯಾದ ಮಕ್ಕಳೇ ನಾನೂರಕ್ಕೂ ಹೆಚ್ಚು. ಸಿಟ್ಟಿಗೆದ್ದ ತಂದೆತಾಯಿಯರು ಬೀದಿಗಿಳಿದು ಚಳವಳಿ ಮಾಡಿದರು. ಡೆಲ್ಫ್ಟಿನ ಮಾದರಿಗೆ 1976ರಲ್ಲಿ ಕಾನೂನಿನ ಮಾನ್ಯತೆ ಸಿಕ್ಕಿತು. ಇಂದು ಮಕ್ಕಳಿಗೆ ಅಷ್ಟು ಅನುಕೂಲವೆಂದು ನಾವು ಹೊಗಳುವ ಆ ದೇಶ ಹುಟ್ಟಿನಿಂದ ಹಾಗಿರಲಿಲ್ಲ.

ನಿಮಗೆ ಸದ್ಯಕ್ಕೆ ತಾತ್ಕಾಲಿಕ ಬೀದಿ ಆಟವೇ ಸಾಕು. ಇದು ನಡೆಯುವ ಕ್ರಮ ಸರಳ. ವಾರದ ಒಂದು ದಿನ, ನಿಗದಿತ ಎರಡು ಮೂರು ಗಂಟೆ, ಬೀದಿಯ ಎರಡೂ ತುದಿಗೆ ತಡೆ. ಪ್ರತಿ ತುದಿಯಲ್ಲಿ ಗುರುತಿನ ಅಂಗಿ ತೊಟ್ಟ ಇಬ್ಬರು ದೊಡ್ಡವರು. ಆ ಬೀದಿಯ ನಿವಾಸಿಯ ಕಾರು ಬಂದರೆ ಸೀಟಿ ಊದಿ ಮಕ್ಕಳನ್ನು ಬದಿಗೆ ನಿಲ್ಲಿಸಿ, ಕಾರಿನ ಮುಂದೆ ನಡೆದುಕೊಂಡೇ ಮನೆಯವರೆಗೆ ತಲುಪಿಸುತ್ತಾರೆ. ಯಾರ ಮನೆಗೂ ದಾರಿ ಮುಚ್ಚುವುದಿಲ್ಲ. ಆಟ ಆಡಿಸುವವರು, ಪಂದ್ಯ ನಡೆಸುವವರು ಬೇಡ. ದಯವಿಟ್ಟು ಧ್ವನಿವರ್ಧಕವಂತೂ ಬೇಡವೇ ಬೇಡ. ಮಕ್ಕಳು ಮೊದಲ ಹತ್ತು ನಿಮಿಷ ಸುಮ್ಮನೆ ನಿಲ್ಲಬಹುದು. ದೊಡ್ಡವರು ಮಧ್ಯೆ ಬಾಯಿ ಹಾಕದಿದ್ದರೆ ಆಮೇಲೆ ತಾವೇ ಏನಾದರೂ ಹುಟ್ಟಿಸಿಕೊಳ್ಳುತ್ತಾರೆ.

ಹೊಣೆ ಯಾರು ಎಂಬ ಪ್ರಶ್ನೆಗೆ ಇಲ್ಲಿ ನೇರವಾದ ಉತ್ತರವಿದೆ: ಅನುಮತಿ. ರಸ್ತೆ ಮುಚ್ಚುವ ಅಧಿಕಾರ ಯಾರಿಗಿದೆಯೋ ಅವರಿಂದ ಬರಹದಲ್ಲಿ ಒಪ್ಪಿಗೆ ಪಡೆಯದೆ ಬೀದಿಗೆ ಕುರ್ಚಿ ಅಡ್ಡ ಇಡಬೇಡಿ. ಹಾಗೆ ಮಾಡಿದ ದಿನ ಯಾರಾದರೂ ಮಂಡಿ ತರಚಿಕೊಂಡರೂ ಸಂಘ ಸಿಕ್ಕಿಬೀಳುತ್ತದೆ. ಅರ್ಜಿಯಲ್ಲಿ ಸಮಯ, ತಡೆಯ ಜಾಗ, ನಿಲ್ಲುವವರ ಹೆಸರು, ತುರ್ತು ವಾಹನಕ್ಕೆ ದಾರಿ, ಪ್ರತಿ ಮನೆಗೂ ಮುಂಚಿತವಾಗಿ ತಿಳಿಸಿದ ದಾಖಲೆ ಇರಲಿ. ಮಕ್ಕಳ ಹೊಣೆ ಅವರವರ ಪೋಷಕರದ್ದು ಎಂಬುದನ್ನೂ ಸ್ಪಷ್ಟವಾಗಿ ಬರೆಯಿರಿ. ಇದರಲ್ಲಿ ನಾನು ಕಂಡ ನಿಜವಾದ ಅಪಾಯ ಅಪಘಾತವಲ್ಲ, ದಣಿವು. ಇಬ್ಬರು ಉತ್ಸಾಹಿಗಳೇ ಪ್ರತಿವಾರ ತಡೆಯ ಬಳಿ ನಿಂತು ಕೆಲವು ತಿಂಗಳಲ್ಲಿ ಬಿಟ್ಟುಬಿಡುತ್ತಾರೆ. ಸರದಿಗೆ ಎಂಟು ಹತ್ತು ಮನೆಯವರು ಒಪ್ಪಿದ ಮೇಲೆಯೇ ಆರಂಭಿಸಿ. ಇನ್ನೊಂದು ಮಿತಿಯನ್ನೂ ಮರೆಯಬೇಡಿ. ವಾರಕ್ಕೆ ಎರಡು ಗಂಟೆ ಆಡಿದ ಮಾತ್ರಕ್ಕೆ ಉಳಿದ ದಿನಗಳ ಕೊರತೆ ತುಂಬುವುದಿಲ್ಲ. ಇದರ ದೊಡ್ಡ ಲಾಭವೆಂದರೆ ಮಕ್ಕಳಿಗೆ ಬೀದಿಯಲ್ಲೇ ಗೆಳೆಯರು ಸಿಗುವುದು ಮತ್ತು ವಾಹನವಿಲ್ಲದ ಬೀದಿ ಹೇಗಿರುತ್ತದೆಂದು ದೊಡ್ಡವರು ಕಣ್ಣಾರೆ ನೋಡುವುದು. ಗೂಟ ನೆಡುವ ಪ್ರಸ್ತಾಪಕ್ಕೆ ಕೈ ಎತ್ತುವವರು ಅಲ್ಲಿಂದಲೇ ಬರುತ್ತಾರೆ.

ಇನ್ನು ಪಾರ್ಕು, ಮತ್ತು ನಿಮ್ಮ ಮಗಳು. ನಿಮ್ಮ ಪತ್ರದಲ್ಲಿ ಮಗಳ ಬಗ್ಗೆ ಎರಡೇ ಸಾಲಿವೆ, ಆದರೆ ನನಗೆ ಹೆಚ್ಚು ಚಿಂತೆಯಾದದ್ದು ಅವಳದ್ದೇ. ಹತ್ತು ಹನ್ನೊಂದರ ಆಸುಪಾಸಿನಲ್ಲಿ ಹುಡುಗಿಯರು ಆಟದ ಜಾಗಗಳಿಂದ ಸದ್ದಿಲ್ಲದೆ ಮರೆಯಾಗುತ್ತಾರೆ. ವಿಯೆನ್ನಾ ನಗರದವರು 1990ರ ದಶಕದಲ್ಲಿ ಇದನ್ನು ಸಮೀಕ್ಷೆ ಮಾಡಿ ನೋಡಿದರು. ಸುಮಾರು ಒಂಬತ್ತು ವರ್ಷ ದಾಟಿದ ಮೇಲೆ ಪಾರ್ಕಿಗೆ ಬರುವ ಹುಡುಗಿಯರ ಸಂಖ್ಯೆ ಇಳಿಯುತ್ತಿತ್ತು, ಹುಡುಗರದ್ದು ಹಾಗಾಗಿರಲಿಲ್ಲ. ಆಸಕ್ತಿ ಹೋಯಿತು ಎಂದು ಬಿಟ್ಟುಬಿಡದೆ ಜಾಗವನ್ನೇ ಪರೀಕ್ಷಿಸಿದರು. ಸುತ್ತ ಬಲೆ ಬೇಲಿ, ಒಂದೇ ಕಿರಿದಾದ ಬಾಗಿಲು, ಒಳಗೆ ಒಂದೇ ದೊಡ್ಡ ಅಂಕಣ. ದೊಡ್ಡ ಹುಡುಗರ ಒಂದು ಗುಂಪು ಬಾಗಿಲಲ್ಲಿ ನಿಂತರೆ ಇಡೀ ಅಂಕಣ ಅವರದ್ದೇ. 1999ರಲ್ಲಿ ಮಾರ್ಗರೆಟನ್ ಜಿಲ್ಲೆಯ ಎರಡು ಪಾರ್ಕುಗಳನ್ನು ಮರುವಿನ್ಯಾಸ ಮಾಡಿದಾಗ ಬಾಗಿಲುಗಳನ್ನು ಅಗಲ ಮಾಡಿದರು, ಜಾಗವನ್ನು ಸಣ್ಣ ಸಣ್ಣ ಭಾಗಗಳಾಗಿಸಿದರು, ವಾಲಿಬಾಲ್, ಬ್ಯಾಡ್ಮಿಂಟನ್‌ಗೂ ಸ್ಥಳ ಕೊಟ್ಟರು, ಕಾಲುದಾರಿ ಮತ್ತು ಬೆಳಕನ್ನು ಸರಿಪಡಿಸಿದರು. ಹುಡುಗಿಯರು ಮರಳಿ ಬಂದರು.

ಈಗ ನಿಮ್ಮ ಸಂಘದವರ ಪ್ರಸ್ತಾಪವನ್ನು ಮತ್ತೊಮ್ಮೆ ಓದಿ: ಮೂಲೆಯಲ್ಲಿ, ಬಲೆ ಬೇಲಿ ಹಾಕಿದ ಅಂಕಣ. ವಿಯೆನ್ನಾದವರು ಕಿತ್ತು ಸರಿಪಡಿಸಿದ್ದನ್ನೇ ಇಲ್ಲಿ ಹೊಸದಾಗಿ ಕಟ್ಟುವ ಸಿದ್ಧತೆ ಇದು. ಬಡಾವಣೆಯ ಹತ್ತು ಹನ್ನೆರಡು ಹುಡುಗರಿಗೆ ಖಂಡಿತ ಸಂತೋಷವಾಗುತ್ತದೆ. ನಿಮ್ಮ ಮಗಳಿಗೂ ಮಗನ ವಯಸ್ಸಿನ ಚಿಕ್ಕವರಿಗೂ ಅಲ್ಲಿ ಜಾಗವಿರುವುದಿಲ್ಲ. ಕೃತಕ ಹುಲ್ಲಿಗೆ ಬೇರೆಯದೇ ತೊಂದರೆಯಿದೆ. ಬಿಸಿಲಿನಲ್ಲಿ ಅದು ನಿಜವಾದ ಹುಲ್ಲಿಗಿಂತ ಬಹಳ ಹೆಚ್ಚು ಕಾಯುತ್ತದೆ, ಬರಿಗಾಲಿಡಲು ಆಗುವುದಿಲ್ಲ. ಕೆಲವು ವರ್ಷಗಳ ಬಳಕೆಯ ಮೇಲೆ ಕಿತ್ತು ಬೇರೆ ಹಾಸಬೇಕು. ಆ ಖರ್ಚು ಬರುವ ಹೊತ್ತಿಗೆ ‘ಬಾಡಿಗೆಗೆ ಕೊಡೋಣ’ ಎಂಬ ಮಾತು ಹುಟ್ಟುತ್ತದೆ. ಬಾಡಿಗೆ ಎಂದಮೇಲೆ ಅದು ಮಕ್ಕಳ ಜಾಗವಾಗಿ ಉಳಿಯುವುದು ಕಷ್ಟ.

ಅದೇ ಹಣದ ಸಣ್ಣ ಪಾಲಿನಲ್ಲಿ ನಿಮ್ಮ ಬದಿಯ ಗೋಡೆಯಲ್ಲಿ ಗೇಟು ತೆರೆಯಬಹುದು. ಚೆಂಡಾಟ ನಿಷೇಧದ ಫಲಕ ತೆಗೆಯಲು ಹಣವೇ ಬೇಡ, ಒಂದು ನಿರ್ಣಯ ಸಾಕು. ಪೂರ್ತಿ ತೆಗೆಯಲು ಒಪ್ಪದಿದ್ದರೆ ಚೆಂಡಾಟಕ್ಕೆ ಒಂದು ಭಾಗ, ಒಂದು ಹೊತ್ತು ಎಂದಾದರೂ ಮಾಡಿಸಿ. ಸಂಜೆ ಬೆಳಕಿರುವಷ್ಟು ಹೊತ್ತೂ ಪಾರ್ಕ್ ತೆರೆದಿರಬೇಕು. ಆಟದ ಹಕ್ಕನ್ನು ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ 1989ರಲ್ಲೇ ತನ್ನ 31ನೇ ವಿಧಿಯಲ್ಲಿ ಸೇರಿಸಿದೆ ಎಂದು ಸಭೆಯಲ್ಲಿ ಹೇಳಿ ನೋಡಿ. ಫಲಕ ಬರೆಸಿದವರು ಅದನ್ನು ಕೇಳಿರುವ ಸಂಭವ ಕಡಿಮೆ.

ಉಪಕರಣ ಬೇಡವೇ ಎಂದರೆ, ಬೇಕು, ಆದರೆ ಪಟ್ಟಿ ನೋಡಿ ಕೊಳ್ಳುವಂಥದ್ದಲ್ಲ. ಒಂದೇ ರೀತಿ ಹತ್ತಿ ಒಂದೇ ರೀತಿ ಇಳಿಯುವ ಜಾರುಬಂಡೆಯಿಂದ ಐದು ವರ್ಷದ ಮಗುವಿಗೆ ಖುಷಿ, ಎಂಟರ ಮಗುವಿಗೆ ಬೇಸರ. ಮರಳು, ಮರದ ದಿಮ್ಮಿ, ಹತ್ತಬಹುದಾದ ಬಂಡೆ, ಸಣ್ಣ ದಿಬ್ಬ, ಎಳೆದುಕೊಂಡು ಹೋಗಬಹುದಾದ ಹಲಗೆಗಳು ಹೆಚ್ಚು ವಯಸ್ಸಿನವರನ್ನು ಹೆಚ್ಚು ಹೊತ್ತು ಹಿಡಿಯುತ್ತವೆ. ಕೋಪನ್‌ಹೇಗನ್ನಿನ ಎಂಡ್ರುಪ್‌ನಲ್ಲಿ 1943ರಲ್ಲಿ, ಯುದ್ಧದ ನಡುವೆಯೇ, ಹಳೆಯ ಸಾಮಗ್ರಿಗಳಿಂದ ಮಕ್ಕಳೇ ಕಟ್ಟಿ ಕೆಡವುವ ಆಟದ ಮೈದಾನ ಆರಂಭವಾಯಿತು. ಆಮೇಲೆ ಅನೇಕ ದೇಶಗಳು ಅದನ್ನು ಅನುಸರಿಸಿದವು. ಬಿದ್ದರೆ ಗತಿಯೇನು ಎಂಬುದಕ್ಕೆ ಲೆಕ್ಕಾಚಾರವಿದೆ. ಯುರೋಪಿನ ಆಟದ ಉಪಕರಣಗಳ ಮಾನದಂಡ ಬೀಳಬಹುದಾದ ಎತ್ತರವನ್ನು 3 ಮೀಟರಿಗೆ ಮಿತಿಗೊಳಿಸಿ, ಎತ್ತರಕ್ಕೆ ತಕ್ಕಂತೆ ಕೆಳಗೆ ಪೆಟ್ಟು ತಡೆಯುವ ನೆಲ ಬೇಕೆನ್ನುತ್ತದೆ. ಸಡಿಲವಾದ ಮರಳು, ಮರದ ಸಿಪ್ಪೆ ಆ ಕೆಲಸ ಮಾಡುತ್ತವೆ, ಸಿಮೆಂಟು ಮಾಡುವುದಿಲ್ಲ. ತರಚಿದ ಮೊಣಕಾಲು ಆಟದ ಖರ್ಚು. ತಲೆಗೆ ಬೀಳುವ ಪೆಟ್ಟನ್ನು, ಬೆರಳು ಸಿಕ್ಕಿಕೊಳ್ಳುವ ಸಂದನ್ನು ವಿನ್ಯಾಸದಲ್ಲೇ ತಪ್ಪಿಸಬೇಕು.

ಹಿರಿಯರ ಗದ್ದಲದ ದೂರನ್ನು ಎದುರಿಸುವುದಕ್ಕಿಂತ ಅವರನ್ನು ಒಳಗೆ ಸೇರಿಸಿಕೊಳ್ಳುವುದು ಜಾಣತನ. ವೇಳೆ ಖಚಿತವಾಗಿರಲಿ, ಮಧ್ಯಾಹ್ನದ ವಿಶ್ರಾಂತಿಯ ಹೊತ್ತು ಬೇಡ. ನೆರಳಿನಲ್ಲಿ ಬೆನ್ನಿಗೆ ಆಸರೆಯಿರುವ ಬೆಂಚು ಹಾಕಿಸಿ. ನಿಧಾನವಾದ ರಸ್ತೆ, ಎತ್ತರಿಸಿದ ದಾಟುಪಟ್ಟಿ ಮಕ್ಕಳಷ್ಟೇ ಅವರಿಗೂ ಬೇಕು. ಈ ವಿಷಯದಲ್ಲಿ ಅವರೇ ನಿಮ್ಮ ದೊಡ್ಡ ಬಲವಾಗಬಹುದು.

ಶಾಲೆ ನಡೆದು ಹೋಗುವಷ್ಟು ದೂರದಲ್ಲಿದ್ದರೆ ಅದನ್ನೂ ಮರೆಯಬೇಡಿ. ಒಬ್ಬಿಬ್ಬರು ದೊಡ್ಡವರು ನಿಗದಿತ ದಾರಿಯಲ್ಲಿ, ನಿಗದಿತ ವೇಳೆಗೆ ಹೊರಟು ಮನೆ ಮನೆಯ ಮಕ್ಕಳನ್ನು ಸೇರಿಸಿಕೊಂಡು ನಡೆಸಿಕೊಂಡು ಹೋಗುವ ಕ್ರಮ ಹಲವು ದೇಶಗಳಲ್ಲಿದೆ. ಬಸ್ಸಿನಂತೆ ಅದಕ್ಕೂ ನಿಲ್ದಾಣಗಳಿರುತ್ತವೆ. ಖರ್ಚಿಲ್ಲ, ದಿನವೂ ನಡೆಯುತ್ತದೆ. ವಾರಕ್ಕೊಮ್ಮೆಯ ಯಾವ ಕಾರ್ಯಕ್ರಮಕ್ಕಿಂತಲೂ ಇದರ ಒಟ್ಟು ಚಲನೆ ಹೆಚ್ಚು.

ಸಭೆಗೆ ಹೋಗುವ ಮುನ್ನ ಅಂಕಿಗಳನ್ನು ಕೈಯಲ್ಲಿಟ್ಟುಕೊಳ್ಳಿ. ಒಂದು ವಾರದ ದಿನ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ನಿಮ್ಮ ಬೀದಿಯಲ್ಲಿ ಹಾದುಹೋಗುವ ವಾಹನಗಳನ್ನು ಎಣಿಸಿ. ಅವುಗಳಲ್ಲಿ ಬೀದಿಯವರದ್ದೆಷ್ಟು, ಹೊರಗಿನವರದ್ದೆಷ್ಟು ಎಂದು ಬೇರೆ ಮಾಡಿ. ಪಾರ್ಕಿನಲ್ಲಿ ಆ ಸಂಜೆ ಎಷ್ಟು ಮಕ್ಕಳಿದ್ದರು, ಹುಡುಗಿಯರೆಷ್ಟು, ದೊಡ್ಡವರ ಜೊತೆಯಿಲ್ಲದೆ ಬಂದವರೆಷ್ಟು ಎಂದು ಬರೆದುಕೊಳ್ಳಿ. ಮಕ್ಕಳ ಕೈಯಲ್ಲೇ ಬಡಾವಣೆಯ ನಕ್ಷೆ ಬರೆಸಿ, ಅವರು ಹೋಗಲು ಹೆದರುವ ಜಾಗಕ್ಕೆ ಗುರುತು ಹಾಕಿಸಿ. ನಿಮ್ಮ ಮಗಳನ್ನೇ ಇದಕ್ಕೆ ಮುಂದಾಳು ಮಾಡಿ. ಅವಳು ಹೊರಗೆ ಹೋಗುವುದನ್ನು ಏಕೆ ನಿಲ್ಲಿಸಿದಳೆಂಬುದು ಆ ನಕ್ಷೆಯಿಂದಲೇ ತಿಳಿಯಬಹುದು. ನೇರವಾಗಿ ಕೇಳಿದರೆ ‘ಸುಮ್ಮನೆ’ ಎನ್ನುವ ವಯಸ್ಸು ಅದು.

ಸಭೆಯಲ್ಲಿ ಶಾಶ್ವತ ಬದಲಾವಣೆ ಕೇಳಬೇಡಿ, ಆರು ತಿಂಗಳ ಪ್ರಯೋಗ ಕೇಳಿ. ಗೂಟದ ಬದಲು ಸದ್ಯಕ್ಕೆ ಭಾರದ ಹೂಕುಂಡಗಳು ಸಾಕು, ಒಗ್ಗದಿದ್ದರೆ ಎತ್ತಿಡಬಹುದು ಎಂದಾಗ ವಿರೋಧದ ಬಿಸಿ ತಗ್ಗುತ್ತದೆ. ಇದರಿಂದ ಮಕ್ಕಳ ತೂಕ ಇಳಿಯುತ್ತದೆ ಎಂದು ಮಾತ್ರ ಮಾತು ಕೊಡಬೇಡಿ. ತೂಕಕ್ಕೆ ಆಹಾರ, ನಿದ್ದೆ ಮೊದಲಾದ ಹತ್ತು ಕಾರಣಗಳಿವೆ, ಇಳಿಯದಿದ್ದರೆ ನಿಮ್ಮ ಯೋಜನೆಯನ್ನೇ ವಿಫಲವೆಂದು ಬದಿಗಿಡುತ್ತಾರೆ. ಹೊರಗೆ ಆಡುವ ಮಕ್ಕಳು ಹೆಚ್ಚುತ್ತಾರೆ, ಒಂಟಿಯಾಗಿ ಪಾರ್ಕಿಗೆ ಹೋಗುವವರು ಹೆಚ್ಚುತ್ತಾರೆ, ಹೊರಗಿನ ವಾಹನಗಳು ಇಳಿಯುತ್ತವೆ, ಈ ಮೂರನ್ನು ಮಾತ್ರ ಹೇಳಿ. ಆರು ತಿಂಗಳ ಮೇಲೆ ಅದೇ ವಾರದ ದಿನ, ಅದೇ ಹೊತ್ತು, ಅದೇ ಜಾಗದಲ್ಲಿ ನಿಂತು ಮತ್ತೆ ಎಣಿಸಿ. ಎರಡೂ ಎಣಿಕೆ ಶಾಲೆ ನಡೆಯುವ ದಿನಗಳಲ್ಲೇ ಇರಲಿ, ರಜೆಯ ವಾರವೂ ಮಳೆಯ ದಿನವೂ ಬೇಡ. ಪಕ್ಕದ ಬೀದಿಯ ವಾಹನಗಳನ್ನೂ ಎರಡೂ ಸಲ ಎಣಿಸಲು ಆ ಬೀದಿಯವರನ್ನೇ ಕರೆಯಿರಿ.